ಹಲವು ಹವ್ಯಾಸಗಳ ಅಜ್ಜನಿಗೊಂದು ನೆನಪಿನ ಪುಸ್ತಿಕೆ: ಮಾಡುವ ಬಗೆ

"ಸರಳ ಸಜ್ಜನ, ಎಲ್ಲರಿಗೂ ಬೇಕಾದವರು" ಎಂಬ ಮಾತು ಯಾವ ಅಜ್ಜನಿಗಾದರೂ ಒಪ್ಪುತ್ತದೆ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ, ಮಾವಿಗೆ ಕಸಿ ಕಟ್ಟುತ್ತಿದ್ದ, ರೇಡಿಯೊ ಬಿಚ್ಚಿ ಜೋಡಿಸುತ್ತಿದ್ದ ಅಜ್ಜನನ್ನು ವರ್ಷಾಂತಿಕದ ಪುಸ್ತಿಕೆಯಲ್ಲಿ ಕಾಣಿಸಬೇಕಾದರೆ ಒಂದೊಂದು ಹವ್ಯಾಸಕ್ಕೂ ಒಂದೊಂದು ಅಧ್ಯಾಯ ಕೊಡಿ. ಹುಟ್ಟು, ಶಾಲೆ, ನೌಕರಿ, ನಿವೃತ್ತಿಯ ಇಸವಿಗಳಿಗೆ ಕೊನೆಯ ಒಂದು ಪುಟ ಸಾಕು.

ಎಂಬತ್ತು ದಾಟಿದ ಒಡನಾಡಿಗಳ ಮನೆಗೆ ಮೊದಲು ಹೋಗಿ. ಪೆಟ್ಟಿಗೆಯ ಕಾಗದಗಳನ್ನು ಆಮೇಲೂ ನೋಡಬಹುದು. "ಅಜ್ಜ ಹೇಗಿದ್ದರು?" ಎಂದರೆ ಬರೀ ಹೊಗಳಿಕೆ ಸಿಗುತ್ತದೆ. ಕಸಿ ಚಾಕುವನ್ನೇ ಅವರ ಕೈಗೆ ಕೊಟ್ಟು ಕೇಳಿ: ಕಡ್ಡಿ ಯಾವ ತಿಂಗಳಲ್ಲಿ ತೆಗೆಯುತ್ತಿದ್ದರು, ಎಷ್ಟು ದಪ್ಪದ್ದು, ಯಾವುದರಿಂದ ಕಟ್ಟುತ್ತಿದ್ದರು, ಯಾವ ಗಿಡ ಕೈಕೊಟ್ಟಿತು? ತಾಳಮದ್ದಳೆಯವರಾದರೆ ಯಾವ ಪ್ರಸಂಗ, ಕರ್ಣನೋ ಕೃಷ್ಣನೋ, ಎದುರು ಕುಳಿತವರು ಯಾರು ಎಂದು ಕೇಳಿ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ರೆಕಾರ್ಡ್ ಮಾಡಿ. ಮಾತಾಡುವವರಿಗೆ ದಣಿವಾಗುವ ಮೊದಲೇ ನಿಲ್ಲಿಸಿ, ಇನ್ನೊಂದು ದಿನ ಹೋಗಿ.

ಹುಟ್ಟಿದ ದಿನದ ವಿಷಯದಲ್ಲಿ ಶಾಲೆಯ ದಾಖಲೆಯನ್ನೊಂದನ್ನೇ ನಂಬಬೇಡಿ. ಆಗೆಲ್ಲ ಸೇರಿಸಿಕೊಳ್ಳುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದೇ ಹೆಚ್ಚು. ಜಾತಕ ಹುಡುಕಿ. ಅದರಲ್ಲಿ ಶ್ರೀಮುಖ ಸಂವತ್ಸರ ಎಂದಿದ್ದರೆ 1933ರ ಯುಗಾದಿಯಿಂದ 1934ರ ಯುಗಾದಿಯವರೆಗಿನ ವರ್ಷ. ಮಾಸ ಮಾಘವೋ ಫಾಲ್ಗುಣವೋ ಆಗಿದ್ದರೆ ಇಸವಿ 1934. ಇಲ್ಲಿ ಒಂದು ವರ್ಷ ತಪ್ಪುವುದು ತೀರ ಸಾಮಾನ್ಯ.

ತಾರೀಖಿಲ್ಲದ ಕಾಗದಗಳಿಗೂ ಸುಳಿವುಗಳಿವೆ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ನಯಾಪೈಸೆಯ ಲೆಕ್ಕ 1957ರ ಏಪ್ರಿಲ್ 1ಕ್ಕೆ ಮುಂಚೆ ಇರಲಾರದು. ಆಣೆಯ ಲೆಕ್ಕವನ್ನು ಮಾತ್ರ ಹಳಬರು ಆಮೇಲೂ ಬಿಡಲಿಲ್ಲ, ಹಾಗಾಗಿ ಅದೊಂದರ ಮೇಲೆ ತೀರ್ಮಾನಕ್ಕೆ ಬರಬೇಡಿ.

ಫೋಟೊಗಳನ್ನು 600 ಡಿಪಿಐನಲ್ಲಿ, ಪತ್ರಗಳನ್ನು 300ರಲ್ಲಿ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಜೆಲಟಿನ್ ಪದರ ಉಬ್ಬಿ ಮುಖವೇ ಅಳಿಸಿಹೋಗುತ್ತದೆ. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಗೀರು ಮುಂಬದಿಗೂ ಮೂಡುತ್ತದೆ.

ಅಜ್ಜನ ದನಿಯಿರುವ ಕ್ಯಾಸೆಟ್ ಸಿಕ್ಕರೆ ನುಡಿಸುವ ಮೊದಲೇ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೂರುವುದಿಲ್ಲ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ತಿಳಿದವರಿಗೆ ಕೊಡಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಬಿಗಿತ ಸರಿಮಾಡಿ. ಪ್ಲೇಯರಿನಲ್ಲಿ ಟೇಪು ತಾಗುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿದ ಮೇಲೆ ಪ್ಲೇಯರಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಜೋಡಿಸಿ. ಮೈಕ್ ತೂತಿಗೆ ಹಾಕಿದರೆ ದನಿ ಒಡೆಯುತ್ತದೆ. ಡಬ್ಲ್ಯೂಎವಿ ಕಡತವಾಗಿ ಉಳಿಸಿ. ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು.

ಎ5 ಅಳತೆಯ 32 ಪುಟ ಹದವಾದ ಗಾತ್ರ: ಎ4 ಹಾಳೆ ಎಂಟು, ನಡುವೆ ಪಿನ್ನು. ಒಟ್ಟು ಪುಟಗಳ ಲೆಕ್ಕ ನಾಲ್ಕರಿಂದ ಭಾಗವಾಗದಿದ್ದರೆ ಖಾಲಿ ಪುಟ ಉಳಿಯುತ್ತದೆ. ನಾಲ್ಕು ಇಂಚು ಅಗಲದ ಚಿತ್ರಕ್ಕೆ 1200 ಪಿಕ್ಸೆಲ್ ಇರಲಿ. ನೆಂಟರು ವಾಟ್ಸಾಪಿನಲ್ಲಿ ಫೋಟೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವಾದರೆ ಕುಗ್ಗಿ ಬರುತ್ತದೆ.

ಹೆಚ್ಚು ಎಡವಟ್ಟಾಗುವುದು ಅಕ್ಷರದಲ್ಲಿ. ನೀವು ಯೂನಿಕೋಡಿನಲ್ಲಿ ಬೆರಳಚ್ಚಿಸಿರುತ್ತೀರಿ, ಪ್ರೆಸ್ಸಿನವರು ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶಕ್ಕಾಗಿ ಅದನ್ನು 'ನುಡಿ' ಎಂಬ ಹಳೆಯ ಅಕ್ಷರ ಸಂಕೇತಕ್ಕೆ ಬದಲಿಸುತ್ತಾರೆ. ಆಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ. ಆದ್ದರಿಂದ ಕರಡನ್ನು ತಿದ್ದಬೇಕಾದದ್ದು ಬದಲಾಯಿಸಿದ ಮೇಲಿನ ಪಿಡಿಎಫ್‌ನಲ್ಲಿ, ಅದೂ ಕಾಗದದ ಮೇಲೆ ತೆಗೆದು. ಹೆಸರು ಮತ್ತು ನೆಂಟಸ್ತಿಕೆಗಳನ್ನು ಮಾತ್ರ ಮನೆಯ ಹಿರಿಯರೊಬ್ಬರ ಮುಂದೆ ಗಟ್ಟಿಯಾಗಿ ಓದಿ, ಅವರು ಹೂಂ ಎಂದ ಮೇಲೆಯೇ ಅಚ್ಚಿಗೆ ಕಳಿಸಿ.