ಒಂದೆಲಗದ ಕ್ರೀಮು, ಎರಡು ಡಬ್ಬಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಕ್ರೀಮು, ಲೋಷನ್ ತಯಾರಿಸುವುದು ನನ್ನ ಕೆಲಸ. ಓದಿದ್ದು ಬಿ.ಫಾರ್ಮ. ಈಚೆಗೆ ಅಂಗಡಿಯವರೆಲ್ಲ ಕೇಳುವುದು ಒಂದೇ, "ಸಿಕಾ ಇದೆಯಾ ಮೇಡಂ?" ಸಿಕಾ ಅಂದರೆ ಬೇರೇನಲ್ಲ, ನಮ್ಮ ಒಂದೆಲಗ. ಮಂಡ್ಯದ ಕಡೆ ನಮ್ಮೂರಲ್ಲಿ ನಾಲೆ ಪಕ್ಕದ ಗದ್ದೆ ಬದುವಿನಲ್ಲಿ ತಾನಾಗಿ ಹಬ್ಬಿರುತ್ತದೆ. ಅಮ್ಮ ಕಿತ್ತು ತಂದು ಕಾಯಿ, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆಯುತ್ತಾರೆ.

ಚರ್ಮದ ಉರಿಗೆ ಇದು ನಿಜವಾಗಿ ಕೆಲಸ ಮಾಡುತ್ತದಾ? ಈ ಪ್ರಶ್ನೆ ನನಗೆ ಸುಮ್ನೆ ಬಂದದ್ದಲ್ಲ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆದು ನನ್ನ ಬೆರಳ ಗೆಣ್ಣುಗಳು ಒಡೆದಿದ್ದವು. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಮೊದಲು ಓದಿದೆ. ಒಂದೆಲಗದಲ್ಲಿ ಮುಖ್ಯವಾಗಿ ನಾಲ್ಕು ಅಂಶ: ಏಷಿಯಾಟಿಕೋಸೈಡ್, ಮೆಡೆಕಾಸೊಸೈಡ್, ಏಷಿಯಾಟಿಕ್ ಆಸಿಡ್, ಮೆಡೆಕಾಸಿಕ್ ಆಸಿಡ್. ಒಂದೆಲಗದ ಸಾರದಿಂದ ಚರ್ಮದ ಜೀವಕೋಶಗಳು ಹೆಚ್ಚು ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನು) ತಯಾರಿಸುತ್ತವೆ ಎಂದು 1990ರಲ್ಲೇ ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದರು. ಆದರೆ ಅದು ಗಾಜಿನ ತಟ್ಟೆಯೊಳಗಿನ ಜೀವಕೋಶ, ಮನುಷ್ಯನ ಕೈಯಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಹೆಂಗಸರು ಆರು ತಿಂಗಳು ಕ್ರೀಮು ಹಚ್ಚಿದ್ದರು. ಬಿಸಿಲಿಗೆ ಸುಕ್ಕಾದ ಚರ್ಮ ಸುಧಾರಿಸಿತು. ಆದರೆ ಆ ಕ್ರೀಮಿನಲ್ಲಿ ಮೆಡೆಕಾಸೊಸೈಡ್ 0.1 ಶೇಕಡಾ, ವಿಟಮಿನ್ ಸಿ 5 ಶೇಕಡಾ. ಗುಣ ಯಾವುದರಿಂದ ಬಂತು ಅಂತ ಹೇಗೆ ಹೇಳೋದು? ಮೇಲಾಗಿ ಅವರು ನೋಡಿದ್ದು ಸುಕ್ಕು, ಉರಿ ಅಲ್ಲ.

ಹಾಗಾಗಿ ನಾನೇ ಒಂದು ಕೈ ನೋಡೋಣ ಅಂದುಕೊಂಡೆ.

ಸಾರ ತರಿಸುವಾಗಲೇ ಒಂದು ತೊಡಕು. ಪುಡಿಯ ಚೀಲದ ಮೇಲೆ ಬರೀ "ಬ್ರಾಹ್ಮಿ" ಅಂತಿತ್ತು. ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರು ಬ್ರಾಹ್ಮಿಗೂ ಅನ್ನುತ್ತಾರೆ. ಎರಡೂ ಬೇರೆ ಗಿಡ, ಒಳಗಿನ ಅಂಶವೂ ಬೇರೆ. ಸಸ್ಯದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ ಎಂದು ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ತೆಗೆದುಕೊಂಡೆ. ಈ ಕೆಲಸ ಮಾಡುವವರು ಇಷ್ಟಂತೂ ಬಿಡಲೇಬಾರದು.

ಒಂದೇ ಕ್ರೀಮನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಸಾರ ಹಾಕಿದೆ. ಘಟಕದ ಎಂಟು ಜನರಿಗೆ ಎರಡೂ ಕೊಟ್ಟೆ. ಎಲ್ಲರೂ ಸಾರ ಇರುವುದೇ ಚೆನ್ನಾಗಿದೆ ಅಂದರು. ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಡಬ್ಬಿಗಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಂದು ಹಾಲುಬಿಳಿ, ಇನ್ನೊಂದು ಗಿಡದ ಹಸಿರುಗಂದು. ವಾಸನೆಯೂ ಎಲೆಯದೇ. ಯಾವುದು ಯಾವುದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅಲ್ವಾ? ಆ ಲೆಕ್ಕವನ್ನೆಲ್ಲ ಹೊಡೆದುಹಾಕಿದೆ.

ಎರಡನೇ ಪ್ರಯೋಗಕ್ಕೆ ಶುದ್ಧ ಮೆಡೆಕಾಸೊಸೈಡ್ ತರಿಸಿದೆ. ಬಿಳಿ ಪುಡಿ, ನೀರಿನಲ್ಲಿ ಕರಗುತ್ತದೆ. ಎಣ್ಣೆ ಭಾಗ, ನೀರಿನ ಭಾಗ ಎರಡನ್ನೂ 75 ಡಿಗ್ರಿಗೆ ಕಾಯಿಸಿ ಕೂಡಿಸಿದೆ. ತೇವ ಹಿಡಿದಿಡುವ ಗ್ಲಿಸರಿನ್ 5 ಶೇಕಡಾ. ಕ್ರೀಮು 40 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಒಂದು ಪಾಲಿಗೆ ಕರಗಿಸಿದ ಪುಡಿ, ಇನ್ನೊಂದಕ್ಕೆ ಅಷ್ಟೇ ನೀರು. ನೂರು ಗ್ರಾಂಗೆ ಪುಡಿ 0.2 ಗ್ರಾಂ. ಡಬ್ಬಿ ಮೇಲೆ ಅ, ಆ ಅಂತ ಬರೆದದ್ದು ಪ್ಯಾಕಿಂಗ್ ಹುಡುಗ. ಯಾವುದು ಯಾವುದೆಂದು ಲಕೋಟೆಗೆ ಹಾಕಿ ಅಂಟಿಸಿಟ್ಟ. ನನಗೂ ಗೊತ್ತಿಲ್ಲ. ಈ ಸಲ ನಾನೂ ಸೇರಿ ಎಂಟು ಜನ. ಎಡಗೈಗೆ ಒಂದು, ಬಲಗೈಗೆ ಒಂದು, ಬೆಳಿಗ್ಗೆ ರಾತ್ರಿ, ಎರಡು ವಾರ. ಉರಿ ಎಷ್ಟೆಂದು ದಿನಾ ಸೊನ್ನೆಯಿಂದ ಹತ್ತರೊಳಗೆ ಪುಸ್ತಕದಲ್ಲಿ ಬರೆಯಬೇಕು.

ಮೊದಲ ವಾರ ಎರಡೂ ಕೈಯಲ್ಲಿ ಒಂದೇ ಸಮ ಉರಿ ಇಳಿಯಿತು. ಎರಡನೇ ವಾರ ಚರ್ಮ ಒಡೆದಿದ್ದ ಇಬ್ಬರಿಗೆ ಮಾತ್ರ "ಆ" ಡಬ್ಬಿಯ ಕೈ ಸ್ವಲ್ಪ ಮುಂದಿತ್ತು. ಅವರಲ್ಲಿ ನಾನೊಬ್ಬಳು. ಲಕೋಟೆ ಒಡೆದಾಗ ಒಂದೆಲಗ ಇದ್ದದ್ದು ಅದರಲ್ಲೇ. ಉಳಿದ ಆರು ಜನಕ್ಕೆ ವ್ಯತ್ಯಾಸವೇ ಇಲ್ಲ. ಎಂಟು ಜನರಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ನಮ್ಮ ಕೈಗಳಿಗೆ ಸಿಕ್ಕ ಸಮಾಧಾನದಲ್ಲಿ ಜಾಸ್ತಿ ಪಾಲು ಗ್ಲಿಸರಿನ್ ಮತ್ತು ಎಣ್ಣೆಯದು. ಸಾರ ಇಲ್ಲದ ಡಬ್ಬಿ ಪಕ್ಕದಲ್ಲಿ ಇಲ್ಲದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಮಾಲೀಕರಿಗೆ ಪುಸ್ತಕ ತೋರಿಸಿ, "ಸರ್, ವೈಜ್ಞಾನಿಕವಾಗಿ ಸಾಬೀತು ಅಂತ ಲೇಬಲ್‌ನಲ್ಲಿ ಹಾಕೋದು ಬೇಡ" ಅಂದೆ. ಉರಿ ತಡೆಯಲಾರದೆ ದುಡ್ಡು ಕೊಡುವವರಿಗೆ ಆ ಮಾತು ಹೇಳಲು ನನಗೆ ಮನಸ್ಸಾಗಲಿಲ್ಲ. ಅವರು ಎರಡು ದಿನ ಯೋಚಿಸಿ ಒಪ್ಪಿದರು. ಈಗ "ಒಂದೆಲಗದ ಅಂಶವಿರುವ ಕೈ ಕ್ರೀಮು" ಅಂತಷ್ಟೇ ಇದೆ. ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ ಎಂದೂ ಸೇರಿಸಿದ್ದೇವೆ, ಯಾಕಂದರೆ ಒಂದೆಲಗವೂ ಕೆಲವರಿಗೆ ಅಲರ್ಜಿ ಆಗುತ್ತದೆ.

"ಅ" ಡಬ್ಬಿಗಳು ಒಂದಷ್ಟು ಉಳಿದಿದ್ದವು. ಊರಿಗೆ ಹೋದಾಗ ಅಮ್ಮನಿಗೆ ಕೊಟ್ಟೆ. ಒಡೆದ ಹಿಮ್ಮಡಿಗೆ ರಾತ್ರಿ ಹಚ್ಚಿಕೊಂಡು ಮಲಗುತ್ತಾರೆ.