ನೆಕೊ ರಿಗ್: ತಲೆಕೆಳಗಾಗಿ ನಿಲ್ಲುವ ಹುಳ

ಬೋಸ್ಟನ್ ಪಕ್ಕದ ನೇಟಿಕ್‌ನಲ್ಲಿರುವ ಕೊಚಿಚುಯಿಟ್ ಕೆರೆಯಲ್ಲಿ ಜೂನ್ ಕಳೆದರೆ ಲಾರ್ಜ್‌ಮೌತ್ ಬ್ಯಾಸ್ ಎಂಬ ಮೀನು ದಡ ಬಿಟ್ಟು, ನೀರೊಳಗಿನ ಕಳೆಯ ಹೊರ ಅಂಚಿಗೆ, 10–12 ಅಡಿ ಆಳಕ್ಕೆ ಸರಿಯುತ್ತದೆ. ಗಾಳಕ್ಕೆ ಹುಳ ಕಟ್ಟುವ ಬಗೆಗೆ ರಿಗ್ ಎನ್ನುತ್ತಾರೆ. ಅಲ್ಲಿ ನಾನು ಹಾಕುತ್ತಿದ್ದದ್ದು ವ್ಯಾಕಿ ರಿಗ್: ರಬ್ಬರ್ ಹುಳದ ನಡುವಿಗೆ ಒಂದು ಗಾಳ, ಅಷ್ಟೇ. ತೂಕವೇ ಇಲ್ಲದ್ದರಿಂದ ಹುಳ ತಳ ಮುಟ್ಟುವಷ್ಟರಲ್ಲಿ ಗಾಳಿ ದಾರವನ್ನು ಬಿಲ್ಲಿನಂತೆ ಬಗ್ಗಿಸಿ ಎತ್ತಲೋ ಎಳೆದೊಯ್ಯುತ್ತಿತ್ತು. ಈ ಬೇಸಿಗೆ ಅದೇ ಹುಳಕ್ಕೆ ನೆಕೊ ರಿಗ್ ಕಟ್ಟಿದೆ. ಹುಳದ ತಲೆಗೆ ಪುಟ್ಟ ಮೊಳೆ ತೂರಿಸಿ ತೂಕ ಕೊಡುವ, ಜಪಾನಿನಿಂದ ಬಂದ ಕಟ್ಟು ಇದು. ಜಪಾನೀ ಭಾಷೆಯಲ್ಲಿ ನೆಕೊ ಅಂದರೆ ಬೆಕ್ಕು. ಆದರೆ ಈ ಹೆಸರು ಬಂದದ್ದು ‘ನೆಕೊಸೊಗಿ’ ಎಂಬ ಪದದಿಂದ, ಬೇರುಸಹಿತ ಎಂದರ್ಥ.

ಬೇಕಾದದ್ದು ಇಷ್ಟು: 5 ಇಂಚಿನ ಸೆಂಕೊ ಮಾದರಿಯ (ಕಡ್ಡಿಯಂತೆ ನೇರವಾದ) ರಬ್ಬರ್ ಹುಳ, 1/16 ಔನ್ಸಿನ (ಸುಮಾರು 1.8 ಗ್ರಾಂ) ಟಂಗ್‌ಸ್ಟನ್ ಮೊಳೆ, ಒಂದು ರಬ್ಬರ್ ಓ-ರಿಂಗ್, ಕಳೆಗೆ ಸಿಕ್ಕದಂತೆ ತಂತಿಯ ತಡೆ ಇರುವ 1 ಅಥವಾ 1/0 ನಂಬರಿನ ಗಾಳ. ರೀಲಿನಲ್ಲಿ 10 ಪೌಂಡ್ ತಾಳುವ ಬ್ರೇಡ್ (ಹೆಣೆದ ದಾರ), ಅದರ ತುದಿಗೆ 8 ಪೌಂಡ್ ತಾಳುವ ಫ್ಲೋರೊಕಾರ್ಬನ್ ಲೀಡರ್ (ಗಾಳದ ಕಡೆಯ ದಾರ) 8 ಅಡಿ. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು, ಗಾಳಕ್ಕೆ ಪಾಲೊಮಾರ್ ಗಂಟು. ಕೋಲು 7 ಅಡಿಯ ಮೀಡಿಯಂ-ಲೈಟ್ ಸ್ಪಿನ್ನಿಂಗ್.

ಸೀಸದ ಮೊಳೆ ಅಗ್ಗ, ನಿಜ. ಆದರೆ ಮ್ಯಾಸಚೂಸೆಟ್ಸ್‌ನ ಸಿಹಿನೀರಿನಲ್ಲಿ 1 ಔನ್ಸಿಗಿಂತ ಕಡಿಮೆ ತೂಕದ ಸೀಸದ ಗುಂಡು, ಜಿಗ್ (ತೂಕದ ತಲೆಯ ಗಾಳ) ಎಲ್ಲವನ್ನೂ 2012ರಿಂದ ನಿಷೇಧಿಸಲಾಗಿದೆ. ಲೂನ್ ಹಕ್ಕಿಗಳು ನುಂಗಿ ಸಾಯುತ್ತವೆ ಎಂಬ ಕಾರಣಕ್ಕೆ. ಕೆಲಸದ ದೃಷ್ಟಿಯಿಂದಲೂ ಟಂಗ್‌ಸ್ಟನ್ನೇ ಮೇಲು. ಸಾಂದ್ರತೆ ಹೆಚ್ಚಿರುವುದರಿಂದ ಅಷ್ಟೇ ತೂಕಕ್ಕೆ ಮೊಳೆ ಸಣ್ಣದಾಗುತ್ತದೆ, ಹುಳದ ತಲೆ ಸೀಳುವುದಿಲ್ಲ.

ಕಟ್ಟುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೊಳೆ ತೂರಿಸುವಲ್ಲಿ. ಹುಳದ ದಪ್ಪ ತುದಿಯ ನಟ್ಟನಡುವೆ ಮೊನೆ ಇಟ್ಟು, ಹುಳವನ್ನು ಇನ್ನೊಂದು ಕೈಯ ಬೆರಳುಗಳ ನಡುವೆ ನೇರ ಹಿಡಿದು, ಮೊಳೆಯನ್ನು ತಿರುಗಿಸುತ್ತಾ ನಿಧಾನಕ್ಕೆ ಒತ್ತಬೇಕು, ಚಪ್ಪಟೆ ತಲೆ ರಬ್ಬರಿಗೆ ಸಮವಾಗುವವರೆಗೆ. ಒಂದಿಷ್ಟು ಓರೆಯಾದರೂ ದಾರ ಸುತ್ತಿಕೊಳ್ಳುವಾಗ ಹುಳ ಬುಗುರಿಯಂತೆ ತಿರುಗಿ, ನಾಲ್ಕೈದು ಎಸೆತದಲ್ಲೇ ದಾರವೆಲ್ಲ ಮುರಿ ಬಿದ್ದು ಗೋಜಲಾಗುತ್ತದೆ. ನನಗೆ ಮೊದಲ ದಿನ ಆದದ್ದು ಇದೇ. ಓರೆಯಾಗಿದ್ದರೆ ಕಿತ್ತು ಮತ್ತೆ ಚುಚ್ಚಲು ಹೋಗಬೇಡಿ, ತೂತು ದೊಡ್ಡದಾಗಿ ಎಸೆತಕ್ಕೇ ಮೊಳೆ ಹಾರಿಹೋಗುತ್ತದೆ. ತಲೆಯಿಂದ ಕಾಲಿಂಚು ಕತ್ತರಿಸಿ ಹೊಸದಾಗಿ ಚುಚ್ಚಿ. ಉಪ್ಪು ತುಂಬಿದ ಹುಳ ತೀರಾ ಮೆತ್ತಗಿರುವುದರಿಂದ ಒಂದು ಹನಿ ಸೂಪರ್‌ಗ್ಲೂ ಹಾಕಿದರೆ ಕ್ಷೇಮ. ಇಷ್ಟರ ಮೇಲೂ ದಾರ ಮುರಿ ಬಿದ್ದರೆ ಬ್ರೇಡಿಗೂ ಲೀಡರಿಗೂ ನಡುವೆ ಸ್ವಿವೆಲ್ ಎಂಬ ಪುಟ್ಟ ತಿರುಗುವ ಕೊಂಡಿ ಹಾಕಿ.

ಓ-ರಿಂಗ್ ಹುಳದ ಮೊಳೆ ಇರುವ ತುದಿಯಿಂದ 2 ಇಂಚಿಗೆ ಬರಬೇಕು. ಗಾಳವನ್ನು ರಿಂಗಿನ ಅಡಿ, ಹುಳದ ಉದ್ದಕ್ಕೇ ತೂರಿಸಿ, ಮೊನೆ ಬಾಲದ ಕಡೆಗಿರಲಿ. ಹುಳ ತಲೆಕೆಳಗಾಗಿ ನಿಂತಾಗ ಅದು ಮೇಲ್ಮುಖವಾಗುತ್ತದೆ, ಕಲ್ಲಿಗೆ ಸಿಗುವುದು ಕಡಿಮೆ. ತೂರಿಸುವಾಗ ರಬ್ಬರಿನ ಸಿಪ್ಪೆಯನ್ನೂ ಕೂದಲೆಳೆಯಷ್ಟು ಕಚ್ಚಿಸಬೇಕು. ಬರೀ ರಿಂಗಿನಲ್ಲೇ ನೇತುಬಿದ್ದರೆ ಗಾಳ ಹುಳದ ಸುತ್ತ ಜಾರುತ್ತದೆ.

ಎಸೆದ ಮೇಲೆ ದಾರ ಅರೆಸಡಿಲವಿರಲಿ, ಕಣ್ಣು ದಾರದ ಮೇಲೇ ಇರಲಿ, ಏಕೆಂದರೆ ಎಷ್ಟೋ ಮೀನು ಇಳಿಯುವಾಗಲೇ ಕಚ್ಚುತ್ತವೆ. ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ನಾಲ್ಕೈದು ಸಲ ಸಣ್ಣಗೆ ನಡುಗಿಸಿ. ನಡುಗಬೇಕಾದದ್ದು ಸಡಿಲ ದಾರ ಮಾತ್ರ. ಮೊಳೆ ಇದ್ದಲ್ಲೇ ಊರಿಕೊಂಡು ಬಾಲವಷ್ಟೇ ಒದ್ದಾಡಬೇಕು, ತಳದಲ್ಲಿ ಏನನ್ನೋ ಕೆದಕುತ್ತಿರುವ ಹಾಗೆ. ಐದು ಸೆಕೆಂಡ್ ಬಿಟ್ಟು ಒಂದಡಿ ಎಳೆದು ಮತ್ತೆ ಅದೇ. ಕೈ ಜೋರಾದರೆ ಹುಳ ಹಾರಿ ಹಾರಿ ಬರುತ್ತದೆ, ಆಗ ಇದು ನೆಕೊ ಅಲ್ಲ, ಕೆಟ್ಟ ಜಿಗ್.

ತೂಕ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. 1/8 ಔನ್ಸ್ ಹಾಕಿ ನೋಡಿದೆ. ಕೆಸರು ತಳದಲ್ಲಿ ತಲೆ ಹೂತು, ಎತ್ತಿದಾಗೆಲ್ಲ ಪಾಚಿಯ ಉಂಡೆ ಬಂತು. ಗಾಳಿ ಜೋರಿರುವ ದಿನ ಗಟ್ಟಿ ತಳದ ಮೇಲೆ ಮಾತ್ರ ಅದು ಸರಿ. ಕೆಸರಿನಲ್ಲಿ 1/32ಕ್ಕೆ ಇಳಿದರೂ ನಷ್ಟವಿಲ್ಲ, ಕಾಯುವ ತಾಳ್ಮೆ ಬೇಕು.

ಕಚ್ಚಿದ್ದು ‘ಟಕ್’ ಎಂದು ತಿಳಿಯುವುದು ಅಪರೂಪ. ದಾರ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ಭಾರವಾಗುತ್ತದೆ. ಆಗ ಜಗ್ಗಬೇಡಿ, ತೆಳು ಗಾಳ ಬಿಚ್ಚಿಕೊಳ್ಳುತ್ತದೆ. ಸಡಿಲವಿರುವ ದಾರವನ್ನು ಸುತ್ತಿಕೊಂಡು ಕೋಲನ್ನು ಒಂದು ಬದಿಗೆ ಒಂದೇ ಸಮನೆ ಎಳೆದರೆ ಸಾಕು. ಡ್ರ್ಯಾಗ್ (ರೀಲು ದಾರ ಬಿಡುವ ಬಿಗಿ) 2 ಪೌಂಡಿನ ಆಸುಪಾಸಿನಲ್ಲಿರಲಿ. ಹಾಗೆಂದು ತಡಮಾಡಿದರೆ ಮೀನು ಗಾಳವನ್ನು ಗಂಟಲಿಗಿಳಿಸುತ್ತದೆ. ಹಾಗಾದಾಗ ಕೀಳಲು ಹೋಗದೆ ದಾರ ಕತ್ತರಿಸಿ ಬಿಡುತ್ತೇನೆ.

ಎರಡು ಮೂರು ಮೀನಿಗೆ ರಿಂಗಿನ ಹತ್ತಿರ ಹುಳ ಹರಿಯುತ್ತದೆ. ಎಸೆಯಬೇಡಿ. ಉಳಿದ 3 ಇಂಚಿನ ಬಾಲದ ತುಂಡು ನೆಡ್ ರಿಗ್‌ಗೆ, ಅಂದರೆ ಹಗುರ ಜಿಗ್‌ಗೆ ಗಿಡ್ಡ ಹುಳ ಸಿಕ್ಕಿಸುವ ಕಟ್ಟಿಗೆ, ಹೇಳಿ ಮಾಡಿಸಿದಂತಿರುತ್ತದೆ. ತಲೆಯ ತುಂಡಿನಿಂದ ಮೊಳೆಯನ್ನು ಹಿಸುಕಿ ತೆಗೆದು ಡಬ್ಬಿಗೆ ಹಾಕಿಕೊಳ್ಳಿ, ಟಂಗ್‌ಸ್ಟನ್ ಅಗ್ಗವಲ್ಲ.