ಸುರಂಗ ಇತ್ತು ಅಂತಾರೆ

ಸಾಗರದಲ್ಲಿ ನಾನು ಇತಿಹಾಸದ ಮೇಷ್ಟ್ರು. ಕೆಳದಿ ಅರಸರ ಬಗ್ಗೆ ಟಿವಿಯವರು ಸಾಕ್ಷ್ಯಚಿತ್ರ ಮಾಡುವಾಗ ಮಾತಾಡಲು ಕರೆಯುತ್ತಾರೆ. ಮೊದಲ ಸಲ ಹೋಗಿದ್ದು ನಗರದ ಕೋಟೆಗೆ, ಅಂದರೆ ಅವರ ರಾಜಧಾನಿಯಾಗಿದ್ದ ಹಳೇ ಬಿದನೂರಿಗೆ. ಸುರಂಗದ ಬಗ್ಗೆ ಕೇಳಿದರು. "ಇಲ್ಲಿಂದ ಬಹಳ ದೂರದವರೆಗೆ ಸುರಂಗ ಇತ್ತು ಅಂತಾರೆ, ನಾನಂತೂ ಆಧಾರ ನೋಡಿಲ್ಲ" ಅಂದೆ.

ಟಿವಿಯಲ್ಲಿ ಬಂದಿದ್ದು "ಬಹಳ ದೂರದವರೆಗೆ ಸುರಂಗ ಇತ್ತು" ಅಂತ ಮಾತ್ರ. ಕೆಳಗೆ ನನ್ನ ಹೆಸರು, 'ಇತಿಹಾಸ ತಜ್ಞ'. ಮುಂದಿನ ಪರೀಕ್ಷೆಯಲ್ಲಿ ಒಬ್ಬ ಹುಡುಗ ಅದನ್ನೇ ಬರೆದ. ಯಾಕಪ್ಪಾ ಅಂದರೆ, "ಸರ್, ನೀವೇ ಹೇಳಿದ್ರಲ್ವಾ?" ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ.

ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ಅನುಮಾನ ಇರುವುದೇ ವಾಕ್ಯದ ಬಾಲದಲ್ಲಿ. ಅಂತೆ, ಅಂತಾರೆ, ಇರಬಹುದು, ಎಲ್ಲ ಕೊನೆಗೇ ಬರುತ್ತವೆ. ಎಡಿಟಿಂಗ್‌ನಲ್ಲಿ ಬಾಲ ಕತ್ತರಿಸಿದರೆ ಊರಿನ ಕಥೆ ಚರಿತ್ರೆಯಾಗಿಬಿಡುತ್ತದೆ. ಅವತ್ತಿನಿಂದ ಯಾರ ಮಾತು ಅನ್ನುವುದನ್ನು ಮೊದಲೇ ಹೇಳುತ್ತೇನೆ. ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟಿದ್ದನ್ನು ಹೇಳುವಾಗ "ಕೆಳದಿಯ ಆಸ್ಥಾನಕವಿ ಲಿಂಗಣ್ಣ ಬರೆದಿರೋದು ಏನಂದ್ರೆ" ಅಂತ ಶುರು ಮಾಡಿ, ಉಸಿರು ಬಿಡದೆ ಘಟನೆಗೆ ಬರುತ್ತೇನೆ. ನಡುವೆ ಉಸಿರು ತೆಗೆದುಕೊಂಡರೆ ಕತ್ತರಿ ಅಲ್ಲೇ ಬೀಳುತ್ತದೆ.

ಇನ್ನೊಂದು, ಕೇಳುವವರ ಪ್ರಶ್ನೆ ಟಿವಿಯಲ್ಲಿ ಬರುವುದಿಲ್ಲ. "ಯಾವಾಗ?" ಅಂದರೆ ಸುಮ್ನೆ "1763ರಲ್ಲಿ" ಅನ್ನಬಾರದು. "1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ" ಅಂತ ಪೂರ್ತಿ ಹೇಳಬೇಕು. ಕ್ಯಾಮೆರಾ ನೋಡಬಾರದು, ಪಕ್ಕದಲ್ಲಿ ಕೂತು ಕೇಳುವವರನ್ನೇ ನೋಡಬೇಕು. ಗಂಜಿ ಹಾಕಿದ ಅಂಗಿ ಬೇಡ, ಕಾಲರ್ ಮೈಕಿಗೆ ತಾಗಿ ಸರಸರ ಅನ್ನುತ್ತದೆ. ನಮ್ಮ ಕಡೆ ಜೀರುಂಡೆ ಕೂಗೋಕೆ ಶುರುವಾದರೆ ಅದು ನಿಲ್ಲುವವರೆಗೂ ಕಾಯಬೇಕು, ಬೇರೆ ದಾರಿ ಇಲ್ಲ.

ಕಳೆದ ಸಲ ಇಕ್ಕೇರಿ ಅಘೋರೇಶ್ವರ ದೇವಸ್ಥಾನದಲ್ಲಿ ಶೂಟಿಂಗ್ ಇತ್ತು. ಯುದ್ಧ, ನಿಧಿ ಅಂತಲೇ ಕೇಳುತ್ತಿದ್ದರು. ನನಗೆ ಹೇಳಬೇಕಿದ್ದದ್ದು ಕಂಬಗಳ ಬಗ್ಗೆ. ಈ ದೇವಸ್ಥಾನದ ನಡುಗಂಬಗಳ ನಡುವಿನ ಅಂತರವೇ ಒಂದು ಕಾಲಕ್ಕೆ ತೋಟದ ಜಮೀನಿಗೆ ಅಳತೆಗೋಲು. 18 ಅಡಿ 6 ಇಂಚು ಅಂತ ಬ್ರಿಟಿಷರ ಕಾಲದ ಅಧಿಕಾರಿ ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಮಾತು ಬಿಟ್ಟು ಚೀಲದಿಂದ ಟೇಪು ತೆಗೆದೆ. ದೇವರಿಗೆ ಬಂದಿದ್ದ ಅಡಿಕೆ ತೋಟದವರೊಬ್ಬರು, "ಕೊಡಿ, ಈ ತುದಿ ನಾನು ಹಿಡೀತೇನೆ" ಅಂತ ಮುಂದೆ ಬಂದರು. ತುದಿಯನ್ನು ಕಂಬದ ಬುಡಕ್ಕೆ ಒತ್ತಿ ಹಿಡಿದು ಕೂತರು. ನಾನು ಟೇಪು ಎಳೆಯುತ್ತಾ ಇನ್ನೊಂದು ಕಂಬದತ್ತ ನಡೆದೆ. "ಹಾಗಾದ್ರೆ ನಮ್ಮ ಅಜ್ಜನ ಕಾಲದ ತೋಟ ಅಳೆದಿದ್ದೂ ಇದರಲ್ಲೇ ಇರಬಹುದಾ ಸರ್?" ಅಂತ ಕೇಳಿದರು.

ಅವರ "ಇರಬಹುದಾ" ಟಿವಿಯಲ್ಲೂ ಹಾಗೇ ಬಂತು.